ನಿಸ್ತಂತು ಶಿಶು ಸಂವೇದಕ

ನಿಸ್ತಂತು ಶಿಶು ಸಂವೇದಕ ಎಂದರೆ ಆಗಷ್ಟೇ ಹುಟ್ಟಿದ ಮಗುವಿನ ಮೈಗೆ ಅಂಟಿಸುವ, ಕಟ್ಟುವ ಅಥವಾ ತೊಡಿಸುವ ಪುಟ್ಟ ವೈದ್ಯಕೀಯ ಸಾಧನ. ಅದು ಹೃದಯಬಡಿತ, ಉಸಿರಾಟ, ದೇಹದ ಉಷ್ಣತೆ ಮತ್ತು ರಕ್ತದ ಆಮ್ಲಜನಕ ಪ್ರಮಾಣ ಇವುಗಳಲ್ಲಿ ಒಂದನ್ನೋ ಹಲವನ್ನೋ ಎಡೆಬಿಡದೆ ಅಳೆಯುತ್ತದೆ. ಅಳತೆಯನ್ನು ತಂತಿಯಿಲ್ಲದೆ ಹತ್ತಿರದ ಪರದೆಗೆ ಕಳುಹಿಸುತ್ತದೆ ಅಥವಾ ಬೆಳಕು, ಸದ್ದುಗಳ ಮೂಲಕ ತಾನೇ ಎಚ್ಚರಿಸುತ್ತದೆ. ಆಸ್ಪತ್ರೆಗಳ ಮಾತಿನಲ್ಲಿ ಇದನ್ನು ಬರೀ ‘ಸೆನ್ಸರ್’ ಎನ್ನುವುದೇ ರೂಢಿ.

ಈ ಲೇಖನದಲ್ಲಿ ನವಜಾತ ಶಿಶು ಎಂದರೆ ಹುಟ್ಟಿನಿಂದ 28 ದಿನ ತುಂಬುವವರೆಗಿನ ಮಗು. ಗರ್ಭದಲ್ಲಿ 37 ವಾರ ತುಂಬುವ ಮೊದಲೇ ಹುಟ್ಟಿದ್ದು ಅವಧಿಪೂರ್ವ ಶಿಶು. ಹುಟ್ಟಿದಾಗ 2500 ಗ್ರಾಂ ಮುಟ್ಟದ್ದು ಕಡಿಮೆ ತೂಕದ ಶಿಶು. ಮೇಲೆ ಹೇಳಿದ ನಾಲ್ಕು ಅಳತೆಗಳನ್ನು ಒಟ್ಟಾಗಿ ಜೀವಲಕ್ಷಣಗಳು ಎಂದೂ, ಅವುಗಳ ಮೇಲೆ ಬಿಡದೆ ಕಣ್ಣಿಡುವುದನ್ನು ನಿಗಾ ಎಂದೂ ಕರೆಯಲಾಗಿದೆ.

ಹಿನ್ನೆಲೆ

ಗರ್ಭದೊಳಗೆ ಮಗುವಿನ ಶ್ವಾಸಕೋಶದಲ್ಲಿ ತುಂಬಿರುವುದು ದ್ರವ. ಆಮ್ಲಜನಕ ಬರುವುದು ಹೊಕ್ಕುಳಬಳ್ಳಿಯಿಂದ. ಹುಟ್ಟಿದ ಕೆಲವೇ ನಿಮಿಷಗಳಲ್ಲಿ ಆ ದ್ರವ ಇಂಗಿ ಗಾಳಿ ತುಂಬಬೇಕು, ಶ್ವಾಸಕೋಶದ ರಕ್ತನಾಳಗಳು ಸಡಿಲಾಗಬೇಕು, ಹೃದಯದೊಳಗೆ ರಕ್ತ ಹರಿಯುವ ಹಾದಿಯೇ ಬದಲಾಗಬೇಕು. ಮನುಷ್ಯನ ಆಯುಷ್ಯದಲ್ಲಿ ದೇಹ ಇಷ್ಟು ಬೇಗ ಇಷ್ಟೊಂದು ಬದಲಾಗುವ ಗಳಿಗೆ ಇನ್ನೊಂದಿಲ್ಲ. ನೂರು ಶಿಶುಗಳಲ್ಲಿ ಸುಮಾರು ಹತ್ತಕ್ಕೆ ಉಸಿರು ಶುರುವಾಗಲು ಯಾವುದಾದರೊಂದು ನೆರವು ಬೇಕಾಗುತ್ತದೆ. ಎದೆ ಒತ್ತುವುದು, ಔಷಧಿ ಕೊಡುವುದು ಮುಂತಾದ ಪೂರ್ಣ ಪ್ರಮಾಣದ ಚಿಕಿತ್ಸೆ ಬೇಕಾಗುವುದು ಸುಮಾರು ಒಂದಕ್ಕೆ.

ವಿಶ್ವಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನಾದ್ಯಂತ 23 ಲಕ್ಷ ಶಿಶುಗಳು ಹುಟ್ಟಿದ ಮೊದಲ ತಿಂಗಳೊಳಗೆ ತೀರಿಕೊಂಡವು. ನವಜಾತ ಶಿಶುಗಳ ಸಾವಿನಲ್ಲಿ ಮುಕ್ಕಾಲು ಪಾಲು ಮೊದಲ ವಾರದಲ್ಲೇ ಆಗುತ್ತದೆ. ಅವಧಿಪೂರ್ವ ಜನನ, ಹುಟ್ಟುವಾಗಿನ ಉಸಿರುಗಟ್ಟುವಿಕೆ ಮತ್ತು ಸೋಂಕು ಮುಖ್ಯ ಕಾರಣಗಳು. ಮಾದರಿ ನೋಂದಣಿ ವ್ಯವಸ್ಥೆಯ ಪ್ರಕಾರ 2020ರಲ್ಲಿ ಭಾರತದ ನವಜಾತ ಶಿಶು ಮರಣ ಪ್ರಮಾಣ ಸಾವಿರ ಜೀವಂತ ಜನನಗಳಿಗೆ 20, ಕರ್ನಾಟಕದ್ದು 14. ಈ ಪ್ರಮಾಣವನ್ನು 2030ರೊಳಗೆ ಒಂದಂಕಿಗೆ ಇಳಿಸಬೇಕೆಂಬುದು 2014ರಲ್ಲಿ ಪ್ರಕಟವಾದ ರಾಷ್ಟ್ರೀಯ ನವಜಾತ ಶಿಶು ಕ್ರಿಯಾ ಯೋಜನೆಯ ಗುರಿ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆರಿಗೆಗಳಲ್ಲಿ ಶೇಕಡಾ 97 ಆಸ್ಪತ್ರೆಗಳಲ್ಲೇ ಆಗುತ್ತಿವೆ. ಅಂದರೆ ಹೆರಿಗೆಯನ್ನು ಆಸ್ಪತ್ರೆಗೆ ತರುವ ಕೆಲಸ ಹೆಚ್ಚುಕಡಿಮೆ ಮುಗಿದಿದೆ. ಆಸ್ಪತ್ರೆಗೆ ಬಂದ ಮೇಲೆ ಮಗುವಿನ ಮೇಲೆ ಎಷ್ಟು ಹೊತ್ತು, ಎಷ್ಟು ಹತ್ತಿರದಿಂದ ಕಣ್ಣಿಡಲಾಗುತ್ತದೆ ಎಂಬುದು ಈಗ ಉಳಿದಿರುವ ಪ್ರಶ್ನೆ.

ಅಳೆಯುವ ಜೀವಲಕ್ಷಣಗಳು

ಹೃದಯಬಡಿತ: ಆರೋಗ್ಯವಂತ ಶಿಶುವಿನ ಹೃದಯ ನಿಮಿಷಕ್ಕೆ ಸಾಮಾನ್ಯವಾಗಿ 120ರಿಂದ 160 ಬಾರಿ ಬಡಿಯುತ್ತದೆ. ಹುಟ್ಟಿದ ಕೂಡಲೇ ಅದು 100ಕ್ಕಿಂತ ಕಡಿಮೆಯಿದ್ದರೆ ಆಂಬು ಬ್ಯಾಗ್‌ನಿಂದ (ಕೈಯಿಂದ ಒತ್ತುವ ಗಾಳಿಚೀಲ) ಗಾಳಿ ಕೊಡಬೇಕು. ಸರಿಯಾಗಿ ಗಾಳಿ ಕೊಟ್ಟ ಮೇಲೂ 60ಕ್ಕಿಂತ ಕೆಳಗಿದ್ದರೆ ಎದೆ ಒತ್ತಲು ಆರಂಭಿಸಬೇಕು. ಈ ಚಿಕಿತ್ಸೆಯ, ಅಂದರೆ ಪುನಶ್ಚೇತನದ, ಹೆಚ್ಚಿನ ತೀರ್ಮಾನಗಳು ಈ ಒಂದು ಸಂಖ್ಯೆಯ ಮೇಲೆ ನಿಂತಿವೆ.

ಉಸಿರಾಟ: ನಿಮಿಷಕ್ಕೆ 30ರಿಂದ 60ರ ಒಳಗಿನ ಉಸಿರು ಸಹಜ. 60 ಅಥವಾ ಅದಕ್ಕಿಂತ ಹೆಚ್ಚಾದರೆ ವೇಗದ ಉಸಿರಾಟ, ಅಪಾಯದ ಚಿಹ್ನೆ. ಎಳೆಶಿಶುಗಳು ಐದಾರು ಸೆಕೆಂಡು ಉಸಿರು ನಿಲ್ಲಿಸಿ ಮತ್ತೆ ಎಳೆದುಕೊಳ್ಳುವುದು ಸಾಮಾನ್ಯ. ಆದ್ದರಿಂದಲೇ ಕೈಯಲ್ಲಿ ಎಣಿಸುವಾಗ ಪೂರ್ತಿ ಒಂದು ನಿಮಿಷ ಎಣಿಸಬೇಕೆಂಬ ನಿಯಮವಿದೆ. 20 ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಹೊತ್ತು ಉಸಿರು ನಿಂತರೆ ಅದು ಉಸಿರುನಿಲುಗಡೆ. ಅವಧಿಪೂರ್ವ ಶಿಶುಗಳಲ್ಲಿ ಇದು ಹೆಚ್ಚು.

ಉಷ್ಣತೆ: 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಸರಿಯಾದ ಮಟ್ಟ. ವಿಶ್ವ ಆರೋಗ್ಯ ಸಂಸ್ಥೆಯ ವಿಂಗಡಣೆಯಂತೆ 36.0ರಿಂದ 36.4 ಇದ್ದರೆ ಸೌಮ್ಯ ಶೀತಸ್ಥಿತಿ, 32.0ರಿಂದ 35.9 ಇದ್ದರೆ ಮಧ್ಯಮ, 32ಕ್ಕಿಂತ ಇಳಿದರೆ ತೀವ್ರ. ಮೈ ತಣ್ಣಗಾದ ಕೂಸು ಬಿಸಿಯುಳಿಸಿಕೊಳ್ಳಲು ಹೆಚ್ಚು ಆಮ್ಲಜನಕವನ್ನೂ ಸಕ್ಕರೆಯನ್ನೂ ಸುಡುತ್ತದೆ, ಹಾಲು ಎಳೆಯಲಾರದೆ ಸೊರಗುತ್ತದೆ.

ರಕ್ತದ ಆಮ್ಲಜನಕ ಪ್ರಮಾಣ: ದೊಡ್ಡವರ ಅಳತೆಗೋಲು ಇಲ್ಲಿ ಸಲ್ಲದು. ಹುಟ್ಟಿದ ಒಂದನೆಯ ನಿಮಿಷದಲ್ಲಿ ಶೇಕಡಾ 60ರಿಂದ 65, ಐದನೆಯ ನಿಮಿಷದಲ್ಲಿ 80ರಿಂದ 85, ಹತ್ತನೆಯ ನಿಮಿಷದಲ್ಲಿ 85ರಿಂದ 95 ಇರಬೇಕೆಂಬುದು ಪುನಶ್ಚೇತನದ ಮಾರ್ಗಸೂಚಿ. ಮೊದಲ ನಿಮಿಷಗಳಲ್ಲಿ ಅಳೆಯುವುದು ಬಲಗೈಯಲ್ಲಿ. ಹೃದಯದ ಹತ್ತಿರದ ಕೂಡುನಾಳ ಇನ್ನೂ ಮುಚ್ಚಿರದ ಕಾರಣ ಕಾಲಿನಲ್ಲಿ ಸಿಗುವ ಸಂಖ್ಯೆ ಆಗ ಕಡಿಮೆಯಿರಬಹುದು. ಪಾದಕ್ಕೆ ಸುತ್ತುವ ಸಂವೇದಕವನ್ನು ಹೆರಿಗೆ ಕೋಣೆಯಲ್ಲೇ ಬಳಸುವವರು ಈ ವ್ಯತ್ಯಾಸವನ್ನು ಮರೆಯುವಂತಿಲ್ಲ.

ಉಗಮ

ಹುಟ್ಟಿದ ಮಗುವನ್ನು ಕ್ರಮಬದ್ಧವಾಗಿ ಅಳೆಯುವ ಪದ್ಧತಿಗೆ ತಳಪಾಯ ಹಾಕಿದವರು ಅಮೆರಿಕದ ಅರಿವಳಿಕೆ ತಜ್ಞೆ ವರ್ಜೀನಿಯಾ ಎಪ್ಗಾರ್. ಹೃದಯಬಡಿತ, ಉಸಿರಾಟ, ಸ್ನಾಯುಬಿಗಿತ, ಪ್ರತಿಕ್ರಿಯೆ, ಮೈಬಣ್ಣ ಈ ಐದಕ್ಕೆ ಅಂಕ ಕೊಡುವ ಅವರ ವಿಧಾನ 1953ರಲ್ಲಿ ಪ್ರಕಟವಾಯಿತು. ಇಂದಿಗೂ ತಾಯಿ ಕಾರ್ಡಿನಿಂದ ಹಿಡಿದು ಆಸ್ಪತ್ರೆಯ ಕೇಸ್ ಶೀಟಿನವರೆಗೆ ಎಲ್ಲೆಡೆ ‘ಎಪ್ಗಾರ್ ಸ್ಕೋರ್’ ಬರೆಯುತ್ತಾರೆ. ಆದರೆ ಅದು ಒಂದನೆಯ ಮತ್ತು ಐದನೆಯ ನಿಮಿಷದ ಎರಡು ಚಿತ್ರಗಳು ಮಾತ್ರ. ನಡುವಿನದು ಅದರಲ್ಲಿ ಸಿಗದು.

ಬೆರಳಿಗೆ ಬೆಳಕು ಹಾಯಿಸಿ ರಕ್ತದ ಆಮ್ಲಜನಕ ಅಳೆಯುವ ಪಲ್ಸ್ ಆಕ್ಸಿಮೀಟರಿನ ತತ್ತ್ವವನ್ನು ಜಪಾನಿನ ಎಂಜಿನಿಯರ್ ತಕುವೊ ಅಯೋಯಾಗಿ 1970ರ ದಶಕದ ಆರಂಭದಲ್ಲಿ ಕಂಡುಕೊಂಡರು. ಮುಂದೆ ಇಸಿಜಿ, ಉಸಿರಾಟ, ಉಷ್ಣತೆ, ಆಮ್ಲಜನಕ ಎಲ್ಲವನ್ನೂ ಒಂದೇ ಪರದೆಯಲ್ಲಿ ತೋರಿಸುವ ಮಾನಿಟರುಗಳು ತೀವ್ರ ನಿಗಾ ಘಟಕಗಳಿಗೆ ಬಂದವು. ಅವುಗಳ ಜೊತೆಗೆ ತಂತಿಗಳೂ ಬಂದವು. ಒಂದು ಕಿಲೋಗ್ರಾಂ ತೂಗುವ ಮಗುವಿನ ಮೈಮೇಲೆ ನಾಲ್ಕೈದು ತಂತಿ ಹರಡಿದರೆ ತಾಯಿ ಅದನ್ನು ಎತ್ತಿ ಎದೆಗೊತ್ತಿಕೊಳ್ಳುವುದೇ ಕಷ್ಟ. ಅವಧಿಪೂರ್ವ ಶಿಶುವಿನ ಹೊರಚರ್ಮ ಇನ್ನೂ ಬಲಿತಿರುವುದಿಲ್ಲ. ಬಿಗಿಯಾದ ಅಂಟುಪಟ್ಟಿ ಕೀಳುವಾಗ ಸಿಪ್ಪೆಯಂತೆ ಅದೂ ಎದ್ದುಬಂದು ಗಾಯವಾಗುತ್ತದೆ, ಕೆಲವೊಮ್ಮೆ ಕಲೆ ಉಳಿಯುತ್ತದೆ.

ಇದೇ ಹೊತ್ತಿನಲ್ಲಿ ಇನ್ನೊಂದು ಕಡೆಯಿಂದ ತಾಯಿಯ ಎದೆಗಪ್ಪುಗೆಯ ಆರೈಕೆ, ಅಂದರೆ ‘ಕಾಂಗರೂ ಆರೈಕೆ’ ಬೆಳೆಯಿತು. 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಎಡ್ಗರ್ ರೇ ಮತ್ತು ಹೆಕ್ಟರ್ ಮಾರ್ಟಿನೆಜ್ ಎಂಬ ವೈದ್ಯರು ಇದನ್ನು ಆರಂಭಿಸಿದರು. ಘಾನಾ, ಭಾರತ, ಮಲಾವಿ, ನೈಜೀರಿಯಾ, ಟಾಂಜಾನಿಯಾಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದಲ್ಲಿ, ಹುಟ್ಟಿದ ಕೂಡಲೇ ಎದೆಗಪ್ಪುಗೆ ಸಿಕ್ಕ ಕಡಿಮೆ ತೂಕದ ಶಿಶುಗಳ ಸಾವು ಶೇಕಡಾ 15.7ರ ಬದಲು 12.0ಕ್ಕೆ ಇಳಿದಿತ್ತು. ಮಗು ಯಂತ್ರದ ಹತ್ತಿರವಿರಬೇಕೋ ತಾಯಿಯ ಹತ್ತಿರವಿರಬೇಕೋ ಎಂಬ ಇಕ್ಕಟ್ಟಿಗೆ ತಂತಿಯಿಲ್ಲದ ಅಳತೆಯೇ ಪರಿಹಾರವೆಂಬ ಅಭಿಪ್ರಾಯ ಬಲವಾದದ್ದು ಹೀಗೆ.

ಚರ್ಮದಂತೆ ಬಾಗುವ, ಹಿಗ್ಗುವ ವಿದ್ಯುನ್ಮಾನ ಪಟ್ಟಿಯ ಕಲ್ಪನೆಯನ್ನು ಜಾನ್ ರೋಜರ್ಸ್ ಅವರ ತಂಡ 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಮುಂದಿಟ್ಟಿತು. ಅದನ್ನೇ ಬೆಳೆಸಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದಲ್ಲಿ ಅವರು ಮತ್ತು ಸಂಗಡಿಗರು ಎದೆಗೊಂದು, ಪಾದಕ್ಕೊಂದು ಹೀಗೆ ಎರಡು ತುಂಡಿನ ಶಿಶು ಸಂವೇದಕವನ್ನು ರೂಪಿಸಿ ಷಿಕಾಗೊದ ಆಸ್ಪತ್ರೆಗಳ ತೀವ್ರ ನಿಗಾ ಘಟಕಗಳಲ್ಲಿ ಪರೀಕ್ಷಿಸಿದರು. ಫಲಿತಾಂಶ 2019ರಲ್ಲಿ ಅದೇ ಪತ್ರಿಕೆಯಲ್ಲಿ ಬಂತು. ಆ ಮೊದಲ ರೂಪದಲ್ಲಿ ಬ್ಯಾಟರಿಯೇ ಇರಲಿಲ್ಲ. ಹಾಸಿಗೆಯ ಕೆಳಗಿಟ್ಟ ಸುರುಳಿ 13.56 ಮೆಗಾಹರ್ಟ್ಸ್ ಅಲೆಗಳ ಮೂಲಕ ಶಕ್ತಿ ಕೊಡುತ್ತಿತ್ತು. 2020ರಲ್ಲಿ ‘ನೇಚರ್ ಮೆಡಿಸಿನ್’ನಲ್ಲಿ ವರದಿಯಾದ ಎರಡನೆಯ ರೂಪದಲ್ಲಿ ಪುಟ್ಟ ಬ್ಯಾಟರಿ, ಬ್ಲೂಟೂತ್ ಮತ್ತು ಚಲನೆ ಅಳೆಯುವ ವೇಗೋತ್ಕರ್ಷ ಮಾಪಕ ಸೇರಿದವು. ಹಾಸಿಗೆಯ ಸುರುಳಿಯಿಂದ ಬಿಡುಗಡೆ ಸಿಕ್ಕಿದ್ದರಿಂದ ಮಗು ತಾಯಿಯ ಎದೆಯ ಮೇಲಿದ್ದಾಗಲೂ ಅಳತೆ ಸಾಧ್ಯವಾಯಿತು. ಇದರಿಂದ ಹುಟ್ಟಿದ ‘ಆ್ಯನ್’ ಸಂವೇದಕಗಳನ್ನು ಸಿಬೆಲ್ ಹೆಲ್ತ್ ಎಂಬ ಕಂಪನಿ ತಯಾರಿಸುತ್ತಿದೆ. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಇದರ ಬಳಕೆಗೆ ಗೇಟ್ಸ್ ಪ್ರತಿಷ್ಠಾನ ಹಾಗೂ ಸೇವ್ ದ ಚಿಲ್ಡ್ರನ್ ನೆರವಾಗಿವೆ.

ರಚನೆ

ಹೆಚ್ಚಿನ ಸಂವೇದಕಗಳಲ್ಲಿ ಐದು ಅಂಗಗಳಿರುತ್ತವೆ: ಚರ್ಮಕ್ಕೆ ತಾಗುವ ಪದರ, ಅಳೆಯುವ ಭಾಗ, ಸಂಕೇತವನ್ನು ಸಂಖ್ಯೆಯಾಗಿಸುವ ಚಿಪ್, ರೇಡಿಯೊ ಮತ್ತು ಶಕ್ತಿಮೂಲ. ಎಲ್ಲವನ್ನೂ ಮೆತ್ತನೆಯ ಸಿಲಿಕೋನ್ ಕವಚದಲ್ಲಿ ಮುಚ್ಚಿರುತ್ತಾರೆ. ಹೊರಗೆ ಸಂದಿ, ಮೂಲೆ, ತಿರುಪುಗಳು ಇಲ್ಲದಿರುವುದು ಮುಖ್ಯ. ಒಂದು ಮಗುವಿನಿಂದ ತೆಗೆದು ಒರೆಸಿ ಇನ್ನೊಂದಕ್ಕೆ ಹಾಕುವ ವಸ್ತುವಿನಲ್ಲಿ ಕೊಳೆ ಕೂರುವ ಜಾಗವಿದ್ದರೆ ಸೋಂಕು ಹರಡುತ್ತದೆ.

ಚರ್ಮಕ್ಕೆ ತಾಗುವ ಪದರ ಸಾಮಾನ್ಯವಾಗಿ ಹೈಡ್ರೊಜೆಲ್ ಅಥವಾ ಸಿಲಿಕೋನ್ ಅಂಟು. ಇದನ್ನು ಪ್ರತಿ ಮಗುವಿಗೂ ಹೊಸದಾಗಿ ಬಳಸಿ ಎಸೆಯುತ್ತಾರೆ, ವಿದ್ಯುನ್ಮಾನ ಭಾಗ ಮಾತ್ರ ಮರುಬಳಕೆಯಾಗುತ್ತದೆ. ಆದ್ದರಿಂದ ಸಾಧನ ಒಮ್ಮೆ ಕೊಂಡರೂ ಅಂಟಿನ ಖರ್ಚು ನಿಲ್ಲುವುದಿಲ್ಲ. ಅಂಟುಪದರದ ದಾಸ್ತಾನು ಮುಗಿದ ದಿನ ಸಂವೇದಕ ಕಪಾಟು ಸೇರುತ್ತದೆ.

ಹೃದಯಬಡಿತಕ್ಕೆ ಎದೆಯ ಎರಡು ಬಿಂದುಗಳ ನಡುವಿನ ವಿದ್ಯುತ್ ಸಂಕೇತ, ಅಂದರೆ ಇಸಿಜಿ ಆಧಾರ. ಆಮ್ಲಜನಕಕ್ಕೆ ಕೆಂಪು (ಸುಮಾರು 660 ನ್ಯಾನೊಮೀಟರ್) ಮತ್ತು ಅವಕೆಂಪು (ಸುಮಾರು 940 ನ್ಯಾನೊಮೀಟರ್) ಬೆಳಕನ್ನು ಪಾದ ಅಥವಾ ಅಂಗೈಗೆ ಹಾಯಿಸುತ್ತಾರೆ. ಆಮ್ಲಜನಕ ತುಂಬಿದ ರಕ್ತವೂ ತುಂಬದ ರಕ್ತವೂ ಈ ಎರಡು ಬೆಳಕನ್ನು ಬೇರೆಬೇರೆ ಪ್ರಮಾಣದಲ್ಲಿ ಹೀರುತ್ತವೆ. ಆ ಅನುಪಾತದಿಂದ ಶೇಕಡಾವಾರು ಸಿಗುತ್ತದೆ. ಉಸಿರನ್ನು ನೇರವಾಗಿ ಅಳೆಯುವುದಿಲ್ಲ. ಎದೆಯ ಏರಿಳಿತದ ಚಲನೆಯಿಂದ, ವಿದ್ಯುತ್ ರೋಧದ ಬದಲಾವಣೆಯಿಂದ ಅಥವಾ ಇಸಿಜಿಯಲ್ಲೇ ಅಡಗಿರುವ ಉಸಿರಿನ ಏರಿಳಿತದಿಂದ ಲೆಕ್ಕ ಹಾಕುತ್ತಾರೆ. ನಾಲ್ಕು ಅಳತೆಗಳಲ್ಲಿ ತಪ್ಪಾಗುವ ಸಂಭವ ಹೆಚ್ಚಿರುವುದು ಇದರಲ್ಲೇ. ಎದೆಗಪ್ಪುಗೆಯಲ್ಲಿರುವ ಮಗುವಿನ ಸಂವೇದಕಕ್ಕೆ ತಾಯಿಯ ಉಸಿರಾಟದ ಅಲುಗಾಟವೂ ತಗಲುತ್ತದೆ, ಉಷ್ಣತೆಯ ಅಳತೆಗೆ ತಾಯಿಯ ಮೈಬಿಸಿಯೂ ಸೇರುತ್ತದೆ.

ಸಂಕೇತ ಕಳುಹಿಸಲು ಬಹುಪಾಲು ಬಳಸುವುದು 2.4 ಗಿಗಾಹರ್ಟ್ಸ್ ವ್ಯಾಪ್ತಿಯ ಕಡಿಮೆ ಶಕ್ತಿಯ ಬ್ಲೂಟೂತ್. ಒಂದು ವಾರ್ಡಿನೊಳಗಿನ ಟ್ಯಾಬ್ಲೆಟ್ಟಿಗೆ ಇದು ಸಾಕು. ಅಳತೆ ಟ್ಯಾಬ್ಲೆಟ್ಟಿನಲ್ಲೇ ಉಳಿಯುವುದರಿಂದ ಇಂಟರ್ನೆಟ್ ಹೋದರೂ ನಿಗಾ ನಿಲ್ಲದಂತೆ ವಿನ್ಯಾಸ ಮಾಡಬಹುದು. ಗ್ರಾಮೀಣ ಆಸ್ಪತ್ರೆಗೆ ಇಂಥ ವಿನ್ಯಾಸವೇ ತಕ್ಕುದು.

ತೊಡಿಸುವ ಕ್ರಮ

ಮಗು ಹುಟ್ಟಿದ ಕೂಡಲೇ ಬಿಸಿ ಒಣಬಟ್ಟೆಯಿಂದ ಮೈ ಒರೆಸಿ ತಾಯಿಯ ಹೊಟ್ಟೆಯ ಮೇಲೆ ಮಲಗಿಸುವುದು ಮೊದಲ ಕೆಲಸ. ಸಂವೇದಕದ ಸರದಿ ಆಮೇಲಿನದು. ಹುಟ್ಟುವಾಗ ಮೈಗೆ ಮೆತ್ತಿರುವ ಬಿಳಿ ಜಿಡ್ಡನ್ನು ಪೂರ್ತಿ ತಿಕ್ಕಿ ತೆಗೆಯಬಾರದು. ಎದೆಯ ನಡುವೆ ಪಟ್ಟಿ ಕೂರುವಷ್ಟೇ ಜಾಗವನ್ನು ಹತ್ತಿಯಿಂದ ಒತ್ತಿ ಒಣಗಿಸುತ್ತಾರೆ. ಅಂಟುಪದರದ ಹಿಂಬದಿಯ ಕಾಗದ ಸುಲಿದು, ಎರಡು ಮೊಲೆತೊಟ್ಟುಗಳ ನಡುವೆ ಬೆರಳಿನಿಂದ ಹಗುರವಾಗಿ ಒತ್ತಿ ಹಿಡಿದರೆ ಪರದೆಯ ಅಡ್ಡಗೆರೆಗಳ ಜಾಗದಲ್ಲಿ ಸಂಖ್ಯೆ ಮೂಡುತ್ತದೆ. ಇಸಿಜಿಯಿಂದ ಬರುವ ಬಡಿತ ಕೆಲವೇ ಸೆಕೆಂಡುಗಳಲ್ಲಿ ಕಾಣುತ್ತದೆ. ಪಾದದ ಬೆಳಕಿನ ಅಳತೆ ನೆಲೆಗೊಳ್ಳಲು ಒಂದೆರಡು ನಿಮಿಷ ಬೇಕಾಗಬಹುದು. ಪಾದದ ಪಟ್ಟಿಯನ್ನು ಬೆರಳು ಕಪ್ಪಿಡುವಷ್ಟು ಬಿಗಿಯಬಾರದು, ಬೆಳಕು ಸೋರುವಷ್ಟು ಸಡಿಲಬಿಡಲೂಬಾರದು. ಕಾಮಾಲೆಗೆ ನೀಲಿ ಬೆಳಕಿನ ಚಿಕಿತ್ಸೆ ನಡೆಯುತ್ತಿದ್ದರೆ ಪಟ್ಟಿಯ ಮೇಲೆ ಬಟ್ಟೆ ಮುಚ್ಚಬೇಕು. ತೆಗೆಯುವಾಗ ಅಂಚನ್ನು ನೀರಿನಿಂದ ನೆನೆಸಿ, ಚರ್ಮವನ್ನು ಇನ್ನೊಂದು ಬೆರಳಿನಿಂದ ಹಿಡಿದುಕೊಂಡು, ಮಲಗಿದ ಕೋನದಲ್ಲೇ ಬಿಡಿಸುತ್ತಾ ಬರಬೇಕು.

ಮೈಗೆ ಎಣ್ಣೆ ಹಚ್ಚಿದ ಮಗುವಿಗೆ ಅಂಟು ಹಿಡಿಯುವುದಿಲ್ಲ. ಎಣ್ಣೆನೀರಿನ ಸ್ನಾನದ ರೂಢಿಯಿರುವ ಊರುಗಳಲ್ಲಿ ಇದನ್ನು ಬಾಣಂತಿಗೂ ಅವಳ ಜೊತೆಗಿರುವ ಹಿರಿಯ ಹೆಂಗಸಿಗೂ ಮೊದಲೇ ತಿಳಿಸಬೇಕಾಗುತ್ತದೆ.

ಬಗೆಗಳು

ಹಲವು ಲಕ್ಷಣಗಳ ಅಂಟುಪಟ್ಟಿಗಳು ಮೇಲೆ ವಿವರಿಸಿದ ಬಗೆಯವು. ಉಗಾಂಡದಲ್ಲಿ ಬಳಕೆಗೆ ಬಂದ ನಿಯೋಪೆಂಡಾ ಕಂಪನಿಯ ‘ನಿಯೊಗಾರ್ಡ್’ ಅಂಟುಪಟ್ಟಿಯಲ್ಲದಿದ್ದರೂ ಹಲವು ಲಕ್ಷಣಗಳನ್ನು ಅಳೆಯುವುದರಿಂದ ಇದೇ ಗುಂಪಿಗೆ ಸೇರುತ್ತದೆ. ಅದನ್ನು ಹಣೆಗೆ ಪಟ್ಟಿಯಂತೆ ಕಟ್ಟುತ್ತಾರೆ, ಹಲವು ಶಿಶುಗಳ ಅಳತೆ ಒಂದೇ ಟ್ಯಾಬ್ಲೆಟ್ಟಿನಲ್ಲಿ ಕಾಣುತ್ತದೆ.

ಹೃದಯಬಡಿತ ಮಾಪಕದ ಪ್ರಸಿದ್ಧ ಉದಾಹರಣೆ ಲೇರ್ಡಲ್ ಗ್ಲೋಬಲ್ ಹೆಲ್ತ್‌ನ ‘ನಿಯೊಬೀಟ್’. ಅರ್ಧ ಬಳೆಯಾಕಾರದ ಈ ಸಾಧನವನ್ನು ಮಗುವಿನ ಎದೆ-ಹೊಟ್ಟೆಗೆ ಸಿಕ್ಕಿಸಿದರೆ ಒಣ ವಿದ್ಯುದ್ವಾರಗಳಿಂದ ಬಡಿತ ಅಳೆದು ತನ್ನ ಮೇಲಿನ ಪರದೆಯಲ್ಲೇ ತೋರಿಸುತ್ತದೆ. ಅಂಟೂ ಬೇಡ, ಟ್ಯಾಬ್ಲೆಟ್ಟೂ ಬೇಡ. ಪುನಶ್ಚೇತನದ ವೇಳೆ ಎರಡೂ ಕೈ ಆಂಬು ಬ್ಯಾಗ್ ಮೇಲಿರುವ ದಾದಿಗೆ ಇದು ಮೂರನೆಯ ಕೈ.

ಉಷ್ಣತೆಯ ಬಳೆಗಳಲ್ಲಿ ಬೆಂಗಳೂರಿನ ಬೆಂಪು ಕಂಪನಿಯದು ಹೆಸರಾದದ್ದು. ರತುಲ್ ನರೈನ್ ಸ್ಥಾಪಿಸಿದ ಈ ಕಂಪನಿಯ ಬಳೆಯನ್ನು ‘ಟೈಮ್’ ಪತ್ರಿಕೆ 2017ರ ಉತ್ತಮ ಆವಿಷ್ಕಾರಗಳ ಪಟ್ಟಿಗೆ ಸೇರಿಸಿತು. ಮಗುವಿನ ಮುಂಗೈಗೆ ತೊಡಿಸುವ ಬಳೆಯಲ್ಲಿ ಉಷ್ಣತೆ ಸರಿಯಿದ್ದರೆ ನೀಲಿ ಬೆಳಕು ಮಿನುಗುತ್ತದೆ. ಇಳಿದರೆ ಕಿತ್ತಳೆ ಬೆಳಕು ಬಂದು ಸದ್ದಾಗುತ್ತದೆ. ಸುಮಾರು ನಾಲ್ಕು ವಾರ ನಡೆಯುವ ಬ್ಯಾಟರಿ ಅದರೊಳಗೇ ಇದೆ. ಓದು ಬಾರದ ತಾಯಿಯೂ ಬಣ್ಣ ನೋಡಿ ಮಗುವನ್ನು ಎದೆಗಪ್ಪಿಕೊಳ್ಳಬಹುದು. ಸಂಖ್ಯೆಯನ್ನೇ ತೋರಿಸದಿರುವುದು ಇದರ ದೊಡ್ಡ ಗುಣ.

ಉಸಿರುನಿಲುಗಡೆ ಎಚ್ಚರಿಕೆಗಳು ಉಸಿರು ನಿಂತುದನ್ನು ಗುರುತಿಸಿ ಪಾದವನ್ನು ಕಂಪಿಸಿ ಮಗುವನ್ನು ಎಬ್ಬಿಸಲು ನೋಡುತ್ತವೆ. ವಾರ್ಡಿನಲ್ಲಿ ದಾದಿ ಅಂಗಾಲು ತಟ್ಟುವ ಕ್ರಮದ ಯಾಂತ್ರಿಕ ರೂಪವಿದು. ಬೆಂಪು ಕಂಪನಿಯ ‘ಏಪ್ನಿಬೂಟ್’ ಈ ಬಗೆಯದು.

ಮನೆಬಳಕೆಯ ಕಾಲುಚೀಲಗಳು ಬೇರೆಯೇ ವರ್ಗ. ಅಮೆರಿಕದ ಔಲೆಟ್ ಕಂಪನಿಯ ಕಾಲುಚೀಲ ವೈದ್ಯಕೀಯ ಅನುಮತಿಯಿಲ್ಲದೆ ಮಾರಾಟವಾಗುತ್ತಿದ್ದುದಕ್ಕೆ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ 2021ರಲ್ಲಿ ಎಚ್ಚರಿಕೆ ಪತ್ರ ಕೊಟ್ಟಿತು. 2023ರಲ್ಲಿ ಅದರ ಹೊಸ ರೂಪಕ್ಕೆ ಅನುಮತಿ ಸಿಕ್ಕಿತು. ಆರೋಗ್ಯವಂತ ಮಕ್ಕಳ ಹಠಾತ್ ಸಾವನ್ನು ತಡೆಯಲೆಂದು ಮನೆಯ ಮಾನಿಟರುಗಳನ್ನು ನೆಚ್ಚಬಾರದೆಂಬುದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ. ವಿದೇಶದಲ್ಲಿರುವ ಕನ್ನಡ ಕುಟುಂಬಗಳು ಊರಿಗೆ ತರುವ ಉಡುಗೊರೆಗಳಲ್ಲಿ ಇಂಥವೂ ಇರುವುದರಿಂದ ಈ ವ್ಯತ್ಯಾಸ ತಿಳಿದಿರಬೇಕು.

ಕರ್ನಾಟಕದ ಅಧ್ಯಯನಗಳು

ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ತಂಡಗಳು ಕಳೆದ ದಶಕದಲ್ಲಿ ತಾಯಿ ಮತ್ತು ಶಿಶು ಇಬ್ಬರ ಉಷ್ಣತೆಯನ್ನೂ ದೂರದಿಂದ ಅರಿಯುವ ಧರಿಸಬಹುದಾದ ಸಂವೇದಕವನ್ನು ರೂಪಿಸಿ ಬೆಂಗಳೂರಿನ ಆಸ್ಪತ್ರೆಯಲ್ಲಿ ಪರೀಕ್ಷಿಸಿದವು. ಎದೆಗಪ್ಪುಗೆಯ ಆರೈಕೆಯನ್ನು ಇಡೀ ಜಿಲ್ಲೆಗೆ ವಿಸ್ತರಿಸುವ ಪ್ರಯೋಗ ಕೊಪ್ಪಳ ಜಿಲ್ಲೆಯಲ್ಲಿ ನಡೆಯಿತು.

ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯ (ಕೆ.ಎಲ್.ಇ.) ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ನೆರವಿನ ‘ಮಹಿಳೆಯರ ಮತ್ತು ಮಕ್ಕಳ ಆರೋಗ್ಯ ಸಂಶೋಧನೆಯ ಜಾಗತಿಕ ಜಾಲ’ದ ಸದಸ್ಯ ಕೇಂದ್ರ. ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ ಬಾಣಂತಿಯರ ರಕ್ತಸ್ರಾವ ತಡೆಯಲು ದಾದಿಯರಿಂದ ಮಿಸೊಪ್ರೊಸ್ಟಾಲ್ ಮಾತ್ರೆ ಕೊಡಿಸಿದ ಪ್ರಯೋಗ 2006ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಗಿ ಜಗತ್ತಿನ ಗಮನ ಸೆಳೆಯಿತು. ರಕ್ತಸ್ರಾವ ಶೇಕಡಾ 12ರಿಂದ 6.4ಕ್ಕೆ ಇಳಿದಿತ್ತು.

ಸಂವೇದಕಗಳ ವಿಷಯಕ್ಕೆ ಇದಕ್ಕಿಂತ ಹತ್ತಿರದ್ದು ‘ಹೆಲ್ಪಿಂಗ್ ಬೇಬೀಸ್ ಬ್ರೀದ್’ ತರಬೇತಿಯ ಅಧ್ಯಯನ. ಬೆಳಗಾವಿ ಜಿಲ್ಲೆಯ ಗ್ರಾಮೀಣ ಮತ್ತು ಪಟ್ಟಣದ ಆಸ್ಪತ್ರೆಗಳಲ್ಲಿ ಹೆರಿಗೆ ಮಾಡಿಸುವ 599 ಮಂದಿಗೆ ಮೊದಲ ಒಂದು ನಿಮಿಷದೊಳಗೆ ಉಸಿರಾಟಕ್ಕೆ ನೆರವಾಗುವುದನ್ನು ಕಲಿಸಲಾಯಿತು. 2013ರಲ್ಲಿ ಪ್ರಕಟವಾದ ಫಲಿತಾಂಶದಂತೆ ನಿರ್ಜೀವ ಜನನಗಳು ಶೇಕಡಾ 3.0ರಿಂದ 2.3ಕ್ಕೆ ಇಳಿದವು, ಹಾಗೆಂದು ಮೊದಲ ದಿನದ ಸಾವುಗಳೇನೂ ಹೆಚ್ಚಲಿಲ್ಲ. ಉಸಿರಾಡದೆ, ಅಲುಗಾಡದೆ ಹುಟ್ಟಿದ ಕೆಲವು ಶಿಶುಗಳನ್ನು ಮುಂಚೆ ‘ಸತ್ತು ಹುಟ್ಟಿದವು’ ಎಂದು ಬರೆದುಬಿಡಲಾಗುತ್ತಿತ್ತು, ಗಾಳಿ ಕೊಟ್ಟಾಗ ಅವು ಬದುಕುಳಿದವು ಎಂಬ ವಿವರಣೆ ಇದಕ್ಕೆ ಹೊಂದುತ್ತದೆ. ಬೆರಳಿಗೆ ಸಿಗದ, ಕಿವಿಗೆ ಕೇಳದ ಮೆಲುಬಡಿತವನ್ನು ಕೆಲವೇ ಸೆಕೆಂಡುಗಳಲ್ಲಿ ತೋರಿಸುವ ಸಂವೇದಕದ ಬೆಲೆ ಎಲ್ಲಕ್ಕಿಂತ ಹೆಚ್ಚಿರುವುದು ಈ ಗೆರೆಯ ಮೇಲೆ: ಜೀವವಿದೆಯೋ ಇಲ್ಲವೋ ಎಂದು ತೀರ್ಮಾನಿಸುವ ಗಳಿಗೆಯಲ್ಲಿ.

ಗೋಕಾಕ, ಮೂಡಲಗಿ, ಹುಕ್ಕೇರಿ: ತಾಲ್ಲೂಕು ಮಟ್ಟದ ಬಳಕೆ

ವಿಸ್ತೀರ್ಣದಲ್ಲಿ ರಾಜ್ಯದ ಅತಿ ದೊಡ್ಡ ಜಿಲ್ಲೆಯಾದ ಬೆಳಗಾವಿಯಲ್ಲಿ ಘಟಪ್ರಭೆಯ ನೀರುಂಡ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳು ಅಕ್ಕಪಕ್ಕದಲ್ಲಿವೆ. ತಾಲ್ಲೂಕು ಮಟ್ಟದಲ್ಲಿ ಸಂವೇದಕ ಹೇಗೆ ಹೊಂದೀತು ಎಂಬುದಕ್ಕೆ ಇಲ್ಲಿ ಇವೇ ಉದಾಹರಣೆ. ಮೂಡಲಗಿ ಗೋಕಾಕದಿಂದ ಬೇರ್ಪಟ್ಟ ಹೊಸ ತಾಲ್ಲೂಕು. ಗೋಕಾಕ, ಹುಕ್ಕೇರಿಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಹಳ್ಳಿಗಳಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಿವೆ. ಘಟಪ್ರಭಾ ಊರಿನಲ್ಲಿ ಸ್ವಾತಂತ್ರ್ಯಪೂರ್ವದ ಕರ್ನಾಟಕ ಆರೋಗ್ಯ ಧಾಮವಿದೆ, ಸಹಕಾರಿ ಆಸ್ಪತ್ರೆಯೂ ಇದೆ. ತೀವ್ರ ನಿಗಾ ಬೇಕಾದ ಶಿಶುವನ್ನು ಬೆಳಗಾವಿಗೆ, ಅಂದರೆ ಜಿಲ್ಲಾಸ್ಪತ್ರೆ ಅಥವಾ ಕೆ.ಎಲ್.ಇ. ಆಸ್ಪತ್ರೆಗೆ ಕಳುಹಿಸಬೇಕು. ಅದು ಒಂದರಿಂದ ಎರಡು ಗಂಟೆಯ ದಾರಿ.

2011ರ ರಾಷ್ಟ್ರೀಯ ಮಾರ್ಗಸೂಚಿಯಂತೆ ಹೆರಿಗೆಯಾಗುವ ಪ್ರತಿ ಕೇಂದ್ರದಲ್ಲೂ ನವಜಾತ ಶಿಶು ಆರೈಕೆ ಮೂಲೆ, ಮೊದಲ ಹಂತದ ರೆಫರಲ್ ಆಸ್ಪತ್ರೆಯಲ್ಲಿ ಸ್ಥಿರೀಕರಣ ಘಟಕ, ಜಿಲ್ಲಾ ಮಟ್ಟದಲ್ಲಿ ವಿಶೇಷ ನವಜಾತ ಶಿಶು ಘಟಕ ಇರಬೇಕು. ಮಾನಿಟರುಗಳು ಹೆಚ್ಚಾಗಿರುವುದು ಕೊನೆಯ ಮೆಟ್ಟಿಲಿನಲ್ಲಿ. ಮೊದಲ ಮೆಟ್ಟಿಲಿನಲ್ಲಿರುವುದು ರೇಡಿಯಂಟ್ ವಾರ್ಮರ್, ಆಂಬು ಬ್ಯಾಗ್, ತೂಕದ ತಕ್ಕಡಿ ಮತ್ತು ಒಬ್ಬ ಸ್ಟಾಫ್ ನರ್ಸ್. ರಾತ್ರಿ ಪಾಳಿಯಲ್ಲಿ ಅವರೇ ಹೆರಿಗೆ ಮಾಡಿಸಬೇಕು, ಹೊಲಿಗೆಗೆ ನೆರವಾಗಬೇಕು, ದಾಖಲೆ ಬರೆಯಬೇಕು, ವಾರ್ಡಿನ ಬಾಣಂತಿಯರನ್ನೂ ನೋಡಬೇಕು. ಪ್ರತಿ ಕೂಸಿನ ಉಸಿರನ್ನು ಪೂರ್ತಿ ನಿಮಿಷ ಎಣಿಸುವ ಕೆಲಸ ಬಿಟ್ಟುಹೋಗುವುದಕ್ಕೆ ನಿರ್ಲಕ್ಷ್ಯ ಕಾರಣವಲ್ಲ, ಕೈಗಳು ಸಾಲದಿರುವುದು ಕಾರಣ. ಸಂವೇದಕ ತುಂಬಬಲ್ಲ ತೆರವು ಇದೇ: ಎರಡು ಸುತ್ತುಗಳ ನಡುವೆ ಯಾರೂ ನೋಡದ ಹೊತ್ತು.

ಈ ಸೀಮೆಯ ಕೆಲವು ಸಂಗತಿಗಳು ಸಾಧನದ ಆಯ್ಕೆಯ ಮೇಲೆ ನೇರವಾಗಿ ಪರಿಣಾಮ ಬೀರುತ್ತವೆ. ಮೊದಲ ಹೆರಿಗೆಗೆ ತವರಿಗೆ ಬರುವ ರೂಢಿಯಿಂದ ತಾಯಿ ಕಾರ್ಡ್ ಒಂದು ತಾಲ್ಲೂಕಿನದು, ಹೆರಿಗೆ ಇನ್ನೊಂದರಲ್ಲಿ ಆಗುತ್ತದೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಮಹಾರಾಷ್ಟ್ರದಿಂದಲೂ ನೆರೆಯ ಜಿಲ್ಲೆಗಳಿಂದಲೂ ಬರುವ ಕಬ್ಬು ಕಡಿಯುವ ಗ್ಯಾಂಗುಗಳ ಹೆಣ್ಣುಮಕ್ಕಳು ಗದ್ದೆಯಂಚಿನ ಗುಡಿಸಲುಗಳಿಂದ ಹೆರಿಗೆಗೆ ಬರುತ್ತಾರೆ. ಆ ಹಂಗಾಮು ಚಳಿಗಾಲವೂ ಹೌದು. ಎಚ್ಚರಿಕೆಯ ಮಾತುಗಳು ಕನ್ನಡದಲ್ಲೂ ಮರಾಠಿಯಲ್ಲೂ ಇರಬೇಕು, ಇಲ್ಲವೇ ಬಣ್ಣ ಮತ್ತು ಸದ್ದಿನಲ್ಲೇ ತಿಳಿಯುವಂತಿರಬೇಕು. ಮನೆಗೆ ಹೋದ ಮೇಲೆ ಬಾಣಂತಿಯ ಹೊರಸಿನ ಕೆಳಗೆ ಕೆಂಡವಿಟ್ಟು ಕಾಯಿಸುವ, ಮಗುವಿಗೆ ಕುಂಚಿಗೆ ತೊಡಿಸಿ ಬಿಗಿಯಾಗಿ ಸುತ್ತುವ ಪದ್ಧತಿಗಳಿವೆ. ಕುಂಚಿಗೆ ತಲೆಯ ಬಿಸಿ ಉಳಿಸುತ್ತದೆ, ಒಳ್ಳೆಯದು. ಕೆಂಡದ ಹೊಗೆ ಉಸಿರಿಗೆ ಕೇಡು, ಅದರ ಕಾವಿನಲ್ಲಿ ಮುಂಗೈಯ ಬಳೆ ತೋರುವ ಉಷ್ಣತೆಯೂ ಹಾದಿ ತಪ್ಪಬಹುದು.

ವಿದ್ಯುತ್ತಿನ ವಿಷಯದಲ್ಲಿ ಹುಕ್ಕೇರಿಗೆ ತನ್ನದೇ ಇತಿಹಾಸವಿದೆ. 1969ರಲ್ಲಿ ಆರಂಭವಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ದೇಶದ ಮೊದಲ ಐದು ಪ್ರಾಯೋಗಿಕ ವಿದ್ಯುತ್ ಸಹಕಾರಿಗಳಲ್ಲಿ ಒಂದು. ಆದರೂ ಗ್ರಾಮೀಣ ಆಸ್ಪತ್ರೆಗೆ ಬರುವ ಸಾಧನ ವಿದ್ಯುತ್ ಹೋದಾಗಲೂ ಒಂದು ಪೂರ್ತಿ ಪಾಳಿ ನಡೆಯುವಂತಿರಬೇಕು.

ಆಂಬ್ಯುಲೆನ್ಸ್ ಪಯಣವೂ ಸಂವೇದಕಕ್ಕೆ ಹೇಳಿ ಮಾಡಿಸಿದಂಥ ಜಾಗ. ರಾಜ್ಯದಲ್ಲಿ 2008ರ ನವೆಂಬರ್ 1ರಂದು ‘ಆರೋಗ್ಯ ಕವಚ’ 108 ಸೇವೆ ಶುರುವಾಯಿತು. ನವಜಾತ ಶಿಶುವನ್ನು ತಾಯಿಯ ಎದೆಗೆ ಕಟ್ಟಿ ಸಾಗಿಸುವಾಗ ದಾರಿಯುದ್ದಕ್ಕೂ ಬಡಿತ, ಉಷ್ಣತೆ, ಆಮ್ಲಜನಕ ಪರದೆಯ ಮೇಲಿದ್ದರೆ, ತಲುಪಿದ ಆಸ್ಪತ್ರೆಯ ವೈದ್ಯರಿಗೆ ಕಳೆದ ಎರಡು ಗಂಟೆಯ ಪೂರ್ತಿ ಲೆಕ್ಕ ಸಿಗುತ್ತದೆ. ಓಡುವ ವಾಹನದ ಅಲುಗಾಟ ಉಸಿರಿನ ಅಳತೆಯನ್ನು ಕೆಡಿಸುವುದರಿಂದ ಅಲ್ಲಿ ಆ ಒಂದನ್ನು ಕಣ್ಣಿನಿಂದಲೇ ನೋಡಬೇಕು. ಮನೆಗೆ ಹೋದ ಮೇಲೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಬಂದು ಮಗುವನ್ನು ನೋಡುತ್ತಾರೆ. ಆ ಭೇಟಿಗಳ ನಡುವಿನ ದಿನಗಳಿಗೆ ಉಷ್ಣತೆಯ ಬಳೆಯಂಥ ಸರಳ ಸಾಧನ ಹೊಂದುತ್ತದೆ.

ಮಿತಿಗಳು

ಸಂವೇದಕ ಚಿಕಿತ್ಸೆಯಲ್ಲ. ಸದ್ದಾದಾಗ ಬರುವ ಕೈ, ಆ ಕೈಯಲ್ಲಿ ಸರಿಯಾದ ಅಳತೆಯ ಮುಖವಾಡ, ಬೇಕಾದರೆ ಕಳುಹಿಸಲು ವಾಹನ ಇವಿಲ್ಲದಿದ್ದರೆ ಅದು ಆಪತ್ತನ್ನು ದಾಖಲಿಸುತ್ತದೆಯಷ್ಟೆ.

ಸುಳ್ಳು ಎಚ್ಚರಿಕೆ ಎರಡನೆಯ ತೊಡಕು. ಮಗು ಕಾಲು ಜಾಡಿಸಿದರೆ, ಪಟ್ಟಿ ಸಡಿಲವಾದರೆ, ಮೈ ಒದ್ದೆಯಾದರೆ ಸದ್ದಾಗುತ್ತದೆ. ಮೇಲಿಂದ ಮೇಲೆ ಹೀಗಾದರೆ ಸಿಬ್ಬಂದಿ ಸದ್ದನ್ನು ಲೆಕ್ಕಿಸುವುದನ್ನೇ ಬಿಡುತ್ತಾರೆ. ಎಲ್ಲಿ ಎಚ್ಚರಿಸಬೇಕು, ಎಷ್ಟು ಸೆಕೆಂಡು ಕಾದು ಎಚ್ಚರಿಸಬೇಕು ಎಂಬ ಗೆರೆಗಳನ್ನು ವಾರ್ಡಿನವರನ್ನು ಕೇಳಿಯೇ ಗೊತ್ತುಮಾಡಬೇಕು.

ಪಲ್ಸ್ ಆಕ್ಸಿಮೀಟರುಗಳು ಕಪ್ಪು ಮೈಬಣ್ಣದವರಲ್ಲಿ ಆಮ್ಲಜನಕವನ್ನು ಇರುವುದಕ್ಕಿಂತ ಹೆಚ್ಚು ತೋರಿಸಬಹುದೆಂದು 2020ರಲ್ಲಿ ಅಮೆರಿಕದ ವಯಸ್ಕ ರೋಗಿಗಳ ಅಧ್ಯಯನವೊಂದು ಎತ್ತಿ ತೋರಿಸಿತು. ಬಿಳಿಮೈಯ ಮಕ್ಕಳಲ್ಲಿ ಸರಿಯಾಗಿ ನಡೆದ ಸಾಧನವನ್ನು ನಮ್ಮ ಮಕ್ಕಳಲ್ಲಿ ಮತ್ತೆ ಪರೀಕ್ಷಿಸದೆ ಒಪ್ಪಿಕೊಳ್ಳುವಂತಿಲ್ಲ. ಹೃದಯ ಪಂಪು ಮಾಡುವುದನ್ನು ನಿಲ್ಲಿಸಿದ ಮೇಲೂ ಕೆಲಕಾಲ ವಿದ್ಯುತ್ ಸಂಕೇತ ಉಳಿಯಬಹುದಾದ್ದರಿಂದ ಇಸಿಜಿ ಬಡಿತವನ್ನು ಮಗುವಿನ ಬಣ್ಣ, ನಾಡಿಗಳ ಜೊತೆ ತಾಳೆ ನೋಡಬೇಕು.

ನಿಯಮಗಳು

ಭಾರತದಲ್ಲಿ ಇವು 2017ರ ವೈದ್ಯಕೀಯ ಸಾಧನ ನಿಯಮಗಳಡಿ ಬರುತ್ತವೆ. ಅಪಾಯದ ಮಟ್ಟಕ್ಕೆ ತಕ್ಕಂತೆ ಎ, ಬಿ, ಸಿ, ಡಿ ಎಂಬ ನಾಲ್ಕು ವರ್ಗಗಳಿವೆ. 2020ರ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಸಾಧನಗಳೂ ಔಷಧ ಕಾಯಿದೆಯ ವ್ಯಾಪ್ತಿಗೆ ಸೇರಿವೆ. ಶಿಶುವಿನ ಅಳತೆಗಳು ಖಾಸಗಿ ಮಾಹಿತಿಯಾದ್ದರಿಂದ ಪೋಷಕರ ಒಪ್ಪಿಗೆ ಬೇಕು. ಸಂಶೋಧನೆಯಾದರೆ ನೈತಿಕ ಸಮಿತಿಯ ಅನುಮತಿಯೂ ಬೇಕು. ಹೆರಿಗೆ ನೋವಿನ ನಡುವೆ ಸಹಿ ಹಾಕಿಸಿಕೊಂಡದ್ದು ತಿಳಿದು ಕೊಟ್ಟ ಒಪ್ಪಿಗೆಯಾಗದು. ಗರ್ಭಿಣಿ ತಪಾಸಣೆಗೆ ಬಂದಾಗಲೇ, ಅವರ ಭಾಷೆಯಲ್ಲೇ ವಿವರಿಸುವುದು ಸರಿಯಾದ ದಾರಿ.

ಇಂದಿನ ಸ್ಥಿತಿ

ತಂತಿಯಿಲ್ಲದ ಸಂವೇದಕಗಳ ಅಳತೆ ತಂತಿಯ ಮಾನಿಟರುಗಳ ಅಳತೆಗೆ ಎಷ್ಟು ಹತ್ತಿರವೆಂಬುದನ್ನು ಅಮೆರಿಕದಲ್ಲೂ ಕೆನ್ಯಾದ ನೈರೋಬಿಯಂಥ ಕಡೆಗಳಲ್ಲೂ ಪರೀಕ್ಷಿಸಲಾಗಿದೆ. ಹೃದಯಬಡಿತದಲ್ಲಿ ಹೊಂದಾಣಿಕೆ ಚೆನ್ನಾಗಿದೆ, ಉಸಿರಾಟದಲ್ಲಿ ಅಷ್ಟಿಲ್ಲ. ಇದುವರೆಗಿನ ಅಧ್ಯಯನಗಳಲ್ಲಿ ಹೆಚ್ಚಿನವು ನಿಖರತೆ ಮತ್ತು ಬಳಕೆಯ ಸುಲಭತೆಯನ್ನು ನೋಡಿವೆ. ಸಂವೇದಕ ತೊಡಿಸಿದ್ದರಿಂದ ಸಾವು ಕಡಿಮೆಯಾಯಿತೇ ಎಂಬುದನ್ನು ಅಳೆಯಲು ಸಾವಿರಾರು ಹೆರಿಗೆಗಳ ಪ್ರಯೋಗ ಬೇಕು, ಮನೆಮನೆಗೆ ಹೋಗಿ ಮಗುವಿನ ಸ್ಥಿತಿ ದಾಖಲಿಸುವ ವ್ಯವಸ್ಥೆಯೂ ಬೇಕು. ಬೆಳಗಾವಿ ಜಿಲ್ಲೆಯಲ್ಲಿ ಜಾಗತಿಕ ಜಾಲದ ತಾಯಿ-ಶಿಶು ನೋಂದಣಿ ಅಂಥ ವ್ಯವಸ್ಥೆಯನ್ನು ವರ್ಷಗಳಿಂದ ನಡೆಸಿಕೊಂಡು ಬಂದಿದೆ.

ಬೆಲೆ ಇಳಿಯಬೇಕಾಗಿದೆ. ಅಂಟುಪದರ ದೇಶದಲ್ಲೇ ತಯಾರಾಗಿ ಔಷಧ ಉಗ್ರಾಣದ ಪಟ್ಟಿಗೆ ಸೇರಬೇಕಾಗಿದೆ. ಕೆಟ್ಟ ಸಾಧನವನ್ನು ತಾಲ್ಲೂಕು ಮಟ್ಟದಲ್ಲೇ ಸರಿಪಡಿಸುವ ತಂತ್ರಜ್ಞರು ಬೇಕಾಗಿದ್ದಾರೆ. 2009ರಿಂದ ನಡೆಯುತ್ತಿರುವ ನವಜಾತ ಶಿಶು ಸುರಕ್ಷಾ ಕಾರ್ಯಕ್ರಮದ ಪುನಶ್ಚೇತನ ತರಬೇತಿಗೆ ಸಂವೇದಕದ ಬಳಕೆಯನ್ನೂ ಒಂದು ಪಾಠವಾಗಿ ಸೇರಿಸಿದರೆ, ಬೊಂಬೆಯ ಮೇಲೆ ಗಾಳಿ ಕೊಡುವುದನ್ನು ಕಲಿಯುವ ದಾದಿಯೇ ಎದೆಯ ಪಟ್ಟಿಯನ್ನು ಅಂಟಿಸಿ, ಸಂಖ್ಯೆ ಓದಿ, 100ಕ್ಕಿಂತ ಕೆಳಗೆ ಕಂಡ ಕೂಡಲೇ ಬ್ಯಾಗ್ ಕೈಗೆತ್ತಿಕೊಳ್ಳುವುದನ್ನೂ ಒಂದೇ ಅಭ್ಯಾಸವಾಗಿ ರೂಢಿಸಿಕೊಳ್ಳಬಹುದು.